ಕಂತುಕಂತಾಗಿ ಬರೆದ ಬದುಕು: ಫ್ಯೋದರ್ ದಾಸ್ತೊಯೆವ್‌ಸ್ಕಿ

2003ರ ಮೇ ತಿಂಗಳಿನಲ್ಲಿ ರಷ್ಯಾದ 'ರಸ್ಸೀಯ' ದೂರದರ್ಶನ ವಾಹಿನಿಯು ಹತ್ತು ಕಂತುಗಳ ಧಾರಾವಾಹಿಯೊಂದನ್ನು ಬಿತ್ತರಿಸಿತು. ಅದರ ಹೆಸರು 'ಈಡಿಯಟ್'. ನಿರ್ದೇಶಕ ವ್ಲಾದಿಮಿರ್ ಬೋರ್ತ್ಕೊ. 1868ರಲ್ಲಿ ಪ್ರಕಟವಾಗತೊಡಗಿದ್ದ ಫ್ಯೋದರ್ ದಾಸ್ತೊಯೆವ್‌ಸ್ಕಿಯ ಕಾದಂಬರಿಯನ್ನು ಬೋರ್ತ್ಕೊ ಇಂದಿನ ಕಾಲಕ್ಕೆ ಒಗ್ಗಿಸಲು ಹೋಗಲಿಲ್ಲ. ಅದೇ ಪೀಟರ್ಸ್‌ಬರ್ಗ್ ನಗರ, ಅದೇ ದಿವಾನಖಾನೆಗಳು, ಬಹುಮಟ್ಟಿಗೆ ಕಾದಂಬರಿಯಿಂದಲೇ ಎತ್ತಿಕೊಂಡ ದೀರ್ಘ ಸಂಭಾಷಣೆಗಳು. ಇಂತಹ ಗಂಭೀರ ಕೃತಿಯನ್ನು ಮನೆಮನೆಯ ಪರದೆಯ ಮೇಲೆ ತಂದ ಈ ಸಾಹಸಕ್ಕೆ ಮರುವರ್ಷವೇ ಅಪರೂಪದ ಮನ್ನಣೆ ದೊರೆಯಿತು. ಅಲೆಕ್ಸಾಂಡರ್ ಸೋಲ್ಜೆನಿತ್ಸಿನ್ ಸ್ಥಾಪಿಸಿದ ಸಾಹಿತ್ಯ ಪ್ರಶಸ್ತಿಯನ್ನು 2004ರಲ್ಲಿ ನಿರ್ದೇಶಕ ಬೋರ್ತ್ಕೊ ಮತ್ತು ನಾಯಕನಟ ಯೆವ್ಗೆನಿ ಮಿರೋನೊವ್ ಇಬ್ಬರಿಗೂ ನೀಡಲಾಯಿತು. ಸಾಹಿತ್ಯದ ಪ್ರಶಸ್ತಿಯೊಂದು ದೂರದರ್ಶನದ ಕಲಾವಿದರ ಪಾಲಾದುದು ಗಮನಿಸಬೇಕಾದ ಸಂಗತಿ. ತಾನೇ ಸೆರೆಶಿಬಿರದಲ್ಲಿ ವರ್ಷಗಳನ್ನು ಕಳೆದಿದ್ದ ಸೋಲ್ಜೆನಿತ್ಸಿನ್, ತನಗಿಂತ ಒಂದು ಶತಮಾನ ಹಿಂದೆ ಸೈಬೀರಿಯದ ಸೆರೆಯನ್ನು ಕಂಡಿದ್ದ ಲೇಖಕನ ಕೃತಿಗೆ ಸಂದ ಸೇವೆಯನ್ನು ಹೀಗೆ ಗೌರವಿಸಿದನೆನ್ನಬಹುದು.

ನಮ್ಮ ಭಾಷೆಯಲ್ಲಿ 'ಕಂತು' ಎಂಬ ಮಾತಿಗೆ ಎರಡು ಬಳಕೆಗಳಿವೆ. ಧಾರಾವಾಹಿಯ ಒಂದು ಭಾಗವೂ ಕಂತು, ಸಾಲ ತೀರಿಸುವಾಗ ತಿಂಗಳು ತಿಂಗಳು ಕಟ್ಟುವ ಹಣವೂ ಕಂತು. ದಾಸ್ತೊಯೆವ್‌ಸ್ಕಿಯ ಬಾಳಿನಲ್ಲಿ ಇವೆರಡೂ ಒಂದೇ ಆಗಿದ್ದವು. ಸಾಲದ ಕಂತು ಕಟ್ಟುವುದಕ್ಕಾಗಿ ಅವನು ಕಾದಂಬರಿಯ ಕಂತುಗಳನ್ನು ಬರೆದನು. ಹಾಗೆ ಬರೆದ ಪುಟಗಳಲ್ಲಿಯೇ ಕಪಟವರಿಯದ ಒಬ್ಬ ಸಜ್ಜನನನ್ನು ಚಿತ್ರಿಸುವ ಕಷ್ಟದ ಕೆಲಸಕ್ಕೂ ಕೈ ಹಾಕಿದನು. ಆ ಸಜ್ಜನನ ಚಿತ್ರ ಅವನಿಗೆ ಎಲ್ಲಿಂದ ದಕ್ಕಿತು ಎಂಬುದನ್ನು ತಿಳಿಯಬೇಕಾದರೆ ಅವನ ಜೀವನವನ್ನೇ ನೋಡಬೇಕು.

ಈ ಲೇಖನದಲ್ಲಿ ಬರುವ ರಷ್ಯಾದ ದಿನಾಂಕಗಳು ಅಂದಿನ ಹಳೆಯ ಕ್ಯಾಲೆಂಡರಿನವು. ಇಂದಿನ ಲೆಕ್ಕಕ್ಕೆ ಅವುಗಳಿಗೆ 12 ದಿನ ಕೂಡಿಸಿಕೊಳ್ಳಬೇಕು.

ಬಡವರ ಆಸ್ಪತ್ರೆಯ ಅಂಗಳದಲ್ಲಿ

ಫ್ಯೋದರ್ ಮಿಖಾಯ್ಲೊವಿಚ್ ದಾಸ್ತೊಯೆವ್‌ಸ್ಕಿ 1821ರ ಅಕ್ಟೋಬರ್ 30ರಂದು ಮಾಸ್ಕೋ ನಗರದಲ್ಲಿ ಜನಿಸಿದನು. ತಂದೆ ಮಿಖಾಯಿಲ್ ಬಡವರಿಗಾಗಿ ನಡೆಯುತ್ತಿದ್ದ ಮಾರಿಯಿನ್‌ಸ್ಕಿ ಆಸ್ಪತ್ರೆಯ ವೈದ್ಯ. ಸಂಸಾರದ ವಾಸವೂ ಆಸ್ಪತ್ರೆಯ ಆವರಣದೊಳಗೇ ಇತ್ತು. ಹೀಗಾಗಿ ರೋಗ, ಬಡತನ, ಸಾವು ಇವು ಬಾಲಕನ ಕಣ್ಣೆದುರಿನ ದಿನನಿತ್ಯದ ನೋಟಗಳಾದವು. ತಂದೆ ಕಟ್ಟುನಿಟ್ಟಿನ, ಮುಂಗೋಪದ ಮನುಷ್ಯ. ತಾಯಿ ಮಾರಿಯಾ ಮೃದು ಸ್ವಭಾವದವಳು. ಅಣ್ಣ ಮಿಖಾಯಿಲ್ ಮತ್ತು ಫ್ಯೋದರ್ ಇಬ್ಬರೂ ಓದಿನಲ್ಲಿ ಒಂದಾಗಿ ಬೆಳೆದರು. ಈ ಸೋದರಪ್ರೇಮವೇ ಮುಂದೆ ಅವನ ಹೆಗಲಿಗೆ ದೊಡ್ಡ ಹೊರೆಯನ್ನು ತಂದಿತು.

1837ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಅದೇ ವರ್ಷ ತಂದೆ ಇಬ್ಬರು ಹಿರಿಯ ಮಕ್ಕಳನ್ನೂ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿಗೆ ಕಳುಹಿಸಿದನು. 1838ರಲ್ಲಿ ಫ್ಯೋದರ್ ಅಲ್ಲಿನ ಸೈನಿಕ ಎಂಜಿನಿಯರಿಂಗ್ ಶಾಲೆಗೆ ಸೇರಿದನು. ಮರುವರ್ಷ ತಂದೆಯೂ ಹಳ್ಳಿಯ ತನ್ನ ಜಮೀನಿನಲ್ಲಿ ಹಠಾತ್ತನೆ ಸತ್ತನು. ಪಾರ್ಶ್ವವಾಯುವಿನಿಂದ ಸತ್ತನೆಂದು ಸರಕಾರಿ ದಾಖಲೆ ಹೇಳಿದರೆ, ಅವನ ಜೀತದಾಳುಗಳೇ ಕೊಂದರೆಂಬ ವದಂತಿ ಹಬ್ಬಿತು. ಹದಿನೇಳರ ಹರೆಯದಲ್ಲಿ ಅನಾಥನಾದ ಹುಡುಗ ಕೋಟೆ ಕಟ್ಟುವ ಗಣಿತವನ್ನು ಕಲಿಯುತ್ತ, ರಾತ್ರಿ ಕಿಟಕಿಯ ಬಳಿ ಕುಳಿತು ಕಾವ್ಯ, ಕಾದಂಬರಿಗಳನ್ನು ಓದುತ್ತಿದ್ದನು.

ಓದು ಮುಗಿಸಿ ಸರಕಾರಿ ಕೆಲಸಕ್ಕೆ ಸೇರಿದನಾದರೂ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. 1844ರಲ್ಲಿ ಬಾಲ್ಜಾಕನ ಒಂದು ಕಾದಂಬರಿಯನ್ನು ರಷ್ಯನ್ ಭಾಷೆಗೆ ಅನುವಾದಿಸಿದನು. ಅದೇ ವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬರವಣಿಗೆಯನ್ನೇ ನಂಬಿದನು. ಮೊದಲ ಕಾದಂಬರಿ 'ಬಡ ಜನರು' 1845ರಲ್ಲಿ ಸಿದ್ಧವಾಯಿತು. ಗೆಳೆಯ ಗ್ರಿಗರೋವಿಚ್ ಮತ್ತು ಕವಿ ನೆಕ್ರಾಸೊವ್ ಅದರ ಹಸ್ತಪ್ರತಿಯನ್ನು ರಾತ್ರಿಯಿಡೀ ಓದಿ, ನಸುಕಿನ ನಾಲ್ಕು ಗಂಟೆಗೆ ಅವನ ಮನೆಯ ಬಾಗಿಲು ತಟ್ಟಿ ಅಪ್ಪಿಕೊಂಡರು. ಅಂದಿನ ಪ್ರಭಾವಿ ವಿಮರ್ಶಕ ಬೆಲಿನ್‌ಸ್ಕಿಯೂ ಮೆಚ್ಚಿದನು. ಇಪ್ಪತ್ತನಾಲ್ಕರ ಯುವಕ ಒಮ್ಮೆಲೇ ರಾಜಧಾನಿಯ ಮಾತಾದನು. ಆದರೆ 1846ರಲ್ಲಿ ಬಂದ ಎರಡನೆಯ ಕೃತಿಗೆ ಅಂಥ ಸ್ವಾಗತ ಸಿಗಲಿಲ್ಲ. ಹೊಗಳಿದವರೇ ಗೇಲಿ ಮಾಡತೊಡಗಿದರು.

ವಧಾಸ್ಥಾನದ ಕೆಲವು ನಿಮಿಷಗಳು

ಈ ದಿನಗಳಲ್ಲಿ ಅವನು ಪೆತ್ರಾಶೆವ್‌ಸ್ಕಿ ಎಂಬಾತನ ಮನೆಯಲ್ಲಿ ಶುಕ್ರವಾರಗಳಂದು ಸೇರುತ್ತಿದ್ದ ಯುವಕರ ಕೂಟಕ್ಕೆ ಹೋಗತೊಡಗಿದನು. ಜೀತಪದ್ಧತಿಯ ನಿರ್ಮೂಲನ, ಪತ್ರಿಕಾ ಸ್ವಾತಂತ್ರ್ಯ, ಹೊಸ ಸಮಾಜದ ಕನಸು ಇವೆಲ್ಲ ಅಲ್ಲಿನ ಚರ್ಚೆಯ ವಿಷಯಗಳು. 1848ರಲ್ಲಿ ಯೂರೋಪಿನಾದ್ಯಂತ ಎದ್ದ ಕ್ರಾಂತಿಯ ಅಲೆಯಿಂದ ಬೆದರಿದ್ದ ಝಾರ್ ದೊರೆ ಒಂದನೆಯ ನಿಕೊಲಾಯ್, ಇಂತಹ ಕೂಟಗಳ ಮೇಲೆ ಗೂಢಚಾರರನ್ನು ಬಿಟ್ಟಿದ್ದನು. 1849ರ ಏಪ್ರಿಲ್ 23ರ ನಸುಕಿನಲ್ಲಿ ದಾಸ್ತೊಯೆವ್‌ಸ್ಕಿ ಬಂಧಿತನಾದನು. ನಿಷಿದ್ಧವಾಗಿದ್ದ ಒಂದು ಪತ್ರವನ್ನು, ಬೆಲಿನ್‌ಸ್ಕಿ ಗೊಗೊಲನಿಗೆ ಬರೆದುದನ್ನು, ಕೂಟದಲ್ಲಿ ಓದಿ ಹೇಳಿದನೆಂಬುದು ಅವನ ಮೇಲಿದ್ದ ಮುಖ್ಯ ಆರೋಪ.

ಎಂಟು ತಿಂಗಳು ಪೀಟರ್ ಮತ್ತು ಪಾಲ್ ಕೋಟೆಯ ಒಂಟಿ ಕೋಣೆಯಲ್ಲಿಟ್ಟ ಮೇಲೆ, ಡಿಸೆಂಬರ್ 22ರ ಚಳಿಯ ಮುಂಜಾನೆ ಕೈದಿಗಳನ್ನು ಸೆಮ್ಯೊನೊವ್‌ಸ್ಕಿ ಮೈದಾನಕ್ಕೆ ಕರೆತಂದರು. ಗುಂಡಿಕ್ಕಿ ಕೊಲ್ಲುವ ತೀರ್ಪನ್ನು ಓದಿ ಹೇಳಿದರು. ಬಿಳಿಯ ನಿಲುವಂಗಿ ತೊಡಿಸಿ, ಪಾದ್ರಿಯಿಂದ ಶಿಲುಬೆಗೆ ಮುತ್ತಿಡಿಸಿದರು. ಮೊದಲ ಮೂವರನ್ನು ಕಂಬಗಳಿಗೆ ಕಟ್ಟಿದರು. ಎರಡನೆಯ ಮೂವರಲ್ಲಿ ದಾಸ್ತೊಯೆವ್‌ಸ್ಕಿ ನಿಂತಿದ್ದನು. ಸಿಪಾಯಿಗಳು ಬಂದೂಕು ಎತ್ತಿ ಗುರಿ ಹಿಡಿದರು. ಆ ಕ್ಷಣದಲ್ಲಿ ನಗಾರಿ ಬಾರಿಸಿತು. ದೊರೆ ಪ್ರಾಣದಾನ ಮಾಡಿರುವನೆಂಬ ಆಜ್ಞೆಯನ್ನು ಓದಲಾಯಿತು. ಎಲ್ಲವೂ ಮೊದಲೇ ಗೊತ್ತುಮಾಡಿದ್ದ ನಾಟಕ. ಆದರೆ ಕಂಬಕ್ಕೆ ಕಟ್ಟಿಸಿಕೊಂಡವರಿಗೆ ಅದು ತಿಳಿದಿರಲಿಲ್ಲ. ಅವರಲ್ಲೊಬ್ಬನಾದ ಗ್ರಿಗೊರಿಯೆವ್‌ನಿಗೆ ಬುದ್ಧಿ ಭ್ರಮಣೆಯಾಯಿತು.

ಹತ್ತೊಂಬತ್ತು ವರ್ಷಗಳ ತರುವಾಯ 'ಈಡಿಯಟ್' ಕಾದಂಬರಿಯ ಆರಂಭದಲ್ಲಿಯೇ ಆ ಮುಂಜಾನೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಚಿಕಿತ್ಸಾಲಯದಿಂದ ಮರಳಿ ಬಂದ ರಾಜಕುಮಾರ ಮಿಶ್ಕಿನ್, ಜನರಲ್ ಯೆಪಾಂಚಿನ್‌ನ ಮನೆಯ ಹೆಂಗಸರಿಗೆ ತಾನು ಕೇಳಿದ ಕಥೆಯೆಂದು ಹೇಳುವುದು ಇದನ್ನೇ. ಸಾವಿಗೆ ಐದು ನಿಮಿಷ ಉಳಿದಿರುವ ಮನುಷ್ಯ, ಆ ನಿಮಿಷಗಳನ್ನು ಗೆಳೆಯರ ವಿದಾಯಕ್ಕೆ, ತನ್ನ ಯೋಚನೆಗೆ, ಕೊನೆಯದಾಗಿ ಸುತ್ತ ನೋಡುವುದಕ್ಕೆ ಎಂದು ಹಂಚಿಕೊಳ್ಳುತ್ತಾನೆ. ದೂರದ ಚರ್ಚಿನ ಗೋಪುರದ ಮೇಲೆ ಹೊಳೆಯುವ ಬಿಸಿಲು ಅವನ ಕಣ್ಣನ್ನು ಸೆಳೆಯುತ್ತದೆ. ಕಲ್ಪನೆಯಿಂದ ಬರೆಯಬಹುದಾದ ಪುಟಗಳು ಇವಲ್ಲ. ಕಾದಂಬರಿಯ ನಾಯಕ ಪ್ರತಿಯೊಬ್ಬರನ್ನೂ ಕೊನೆಯ ಬಾರಿಗೆಂಬಂತೆ ಕರುಣೆಯಿಂದ ನೋಡುವುದರ ಮೂಲ ಈ ಮೈದಾನದಲ್ಲಿದೆ.

ಸೈಬೀರಿಯದಲ್ಲಿ ಸಿಕ್ಕ ಒಂದು ಪುಸ್ತಕ

ಮರಣದಂಡನೆಗೆ ಬದಲಾಗಿ ನಾಲ್ಕು ವರ್ಷ ಕಠಿಣ ದುಡಿಮೆ, ಆಮೇಲೆ ಸಾಮಾನ್ಯ ಸಿಪಾಯಿಯಾಗಿ ಸೇವೆ ಎಂಬ ಶಿಕ್ಷೆ ವಿಧಿಸಲಾಯಿತು. ಕಾಲಿಗೆ ಬೇಡಿ ತೊಡಿಸಿ, ಬಯಲು ಜಾರುಬಂಡಿಯಲ್ಲಿ ಕೂರಿಸಿ ಸೈಬೀರಿಯಕ್ಕೆ ಸಾಗಿಸಿದರು. ದಾರಿಯಲ್ಲಿ ತೊಬೋಲ್‌ಸ್ಕ್ ಎಂಬ ಊರಿನಲ್ಲಿ ಕೆಲವು ಹೆಂಗಸರು ಕೈದಿಗಳನ್ನು ನೋಡಲು ಬಂದರು. 1825ರ ದಂಗೆಯಲ್ಲಿ ಶಿಕ್ಷೆಗೊಳಗಾದ ತಮ್ಮ ಗಂಡಂದಿರ ಹಿಂದೆ, ಸಿರಿವಂತಿಕೆಯನ್ನೆಲ್ಲ ತೊರೆದು, ಸ್ವಇಚ್ಛೆಯಿಂದ ಸೈಬೀರಿಯಕ್ಕೆ ಬಂದು ನೆಲೆಸಿದ್ದ ಗೃಹಿಣಿಯರು ಅವರು. ಸೆರೆಯಾಳುಗಳಿಗೆ ಊಟ, ಬಟ್ಟೆ ಕೊಟ್ಟು, ಪ್ರತಿಯೊಬ್ಬನಿಗೂ ಬೈಬಲಿನ ಹೊಸ ಒಡಂಬಡಿಕೆಯ ಒಂದೊಂದು ಪ್ರತಿಯನ್ನು ನೀಡಿದರು. ರಟ್ಟಿನೊಳಗೆ ಹತ್ತು ರೂಬಲ್‌ಗಳ ನೋಟನ್ನು ಅಡಗಿಸಿಟ್ಟಿದ್ದರು. ಸೆರೆಮನೆಯಲ್ಲಿ ಇಟ್ಟುಕೊಳ್ಳಲು ಅನುಮತಿಯಿದ್ದ ಒಂದೇ ಪುಸ್ತಕ ಅದು. ದಾಸ್ತೊಯೆವ್‌ಸ್ಕಿ ಅದನ್ನು ತನ್ನ ಕೊನೆಯ ದಿನದವರೆಗೂ ಬಳಿಯಲ್ಲಿಟ್ಟುಕೊಂಡನು.

1850ರ ಜನವರಿಯಿಂದ 1854ರ ಫೆಬ್ರವರಿಯವರೆಗೆ ಓಮ್‌ಸ್ಕ್ ಸೆರೆಮನೆಯಲ್ಲಿ ಕಳ್ಳರು, ಕೊಲೆಗಾರರು, ಓಡಿಹೋದ ಜೀತದಾಳುಗಳ ನಡುವೆ ಅವನ ವಾಸ. ಹಗಲು ಇಟ್ಟಿಗೆ ಹೊರುವುದು, ಸುಣ್ಣಕಲ್ಲು ಕುಟ್ಟುವುದು. ರಾತ್ರಿ ಬರಿಯ ಹಲಗೆಯ ಮೇಲೆ ಬೇಡಿಯೊಂದಿಗೇ ಮಲಗುವುದು. ಮೇಲ್ವರ್ಗದವನೆಂದು ಉಳಿದ ಕೈದಿಗಳು ಅವನನ್ನು ದೂರವಿಟ್ಟರು. ಪುಸ್ತಕದಲ್ಲಿ ಕಂಡಿದ್ದ ಬಡವನೂ ಪಕ್ಕದ ಹಲಗೆಯಲ್ಲಿ ಮಲಗಿದ ಬಡವನೂ ಬೇರೆಯೆಂಬುದು ಅವನಿಗೆ ಅಲ್ಲಿ ತಿಳಿಯಿತು. ಘೋರ ಅಪರಾಧ ಮಾಡಿದವನಲ್ಲಿಯೂ ಎಲ್ಲೋ ಒಂದೆಡೆ ಅಂತಃಕರಣ ಅಡಗಿರುತ್ತದೆ ಎಂಬುದೂ ಅಲ್ಲಿಯೇ ಅನುಭವಕ್ಕೆ ಬಂದಿತು. ಈ ವರ್ಷಗಳಲ್ಲಿಯೇ ಮೂರ್ಛೆರೋಗವು ಅವನನ್ನು ಬಲವಾಗಿ ಹಿಡಿದುಕೊಂಡಿತು. ಅದು ಜೀವಮಾನದುದ್ದಕ್ಕೂ ಬಿಡಲಿಲ್ಲ. ಅದೇ ರೋಗವನ್ನು ಅವನು ತನ್ನ ಮಿಶ್ಕಿನ್‌ನಿಗೂ ಕೊಟ್ಟನು.

ಬಿಡುಗಡೆಯ ಬಳಿಕ ಸೆಮಿಪಲಾತಿನ್‌ಸ್ಕ್ ಎಂಬಲ್ಲಿ, ಇಂದಿನ ಕಜಕಸ್ತಾನದ ಸೆಮೆಯ್ ನಗರದಲ್ಲಿ, ಸಿಪಾಯಿಗಿರಿ ನಡೆಯಿತು. 1857ರಲ್ಲಿ ಮಾರಿಯಾ ಇಸಾಯೆವಾ ಎಂಬ ವಿಧವೆಯನ್ನು ಮದುವೆಯಾದನು. ಆ ದಾಂಪತ್ಯ ಸುಖದ್ದಾಗಲಿಲ್ಲ. 1859ರ ಡಿಸೆಂಬರಿನಲ್ಲಿ, ಹತ್ತು ವರ್ಷಗಳ ತರುವಾಯ, ಅವನಿಗೆ ರಾಜಧಾನಿಗೆ ಮರಳಲು ಅಪ್ಪಣೆಯಾಯಿತು. ಸೆರೆಮನೆಯ ಅನುಭವವನ್ನು ಆಧರಿಸಿದ 'ಸತ್ತವರ ಮನೆಯ ಟಿಪ್ಪಣಿಗಳು' ಓದುಗರ ಮನ ಕಲಕಿತು. ಕಳೆದುಹೋಗಿದ್ದ ಹೆಸರು ಮತ್ತೆ ಕೂಡಿಬಂದಿತು.

ಸಾಲದ ಹೊರೆ ಮತ್ತು ಇಪ್ಪತ್ತಾರು ದಿನಗಳು

ಅಣ್ಣ ಮಿಖಾಯಿಲ್‌ನೊಡನೆ ಸೇರಿ ನಡೆಸಿದ 'ವ್ರೇಮ್ಯ' ಎಂಬ ಪತ್ರಿಕೆಯನ್ನು 1863ರಲ್ಲಿ ಸರಕಾರ ಮುಚ್ಚಿಸಿತು. 1864ರಲ್ಲಿ ಆರಂಭಿಸಿದ ಇನ್ನೊಂದು ಪತ್ರಿಕೆ ಕಾಲೂರುವ ಮೊದಲೇ ದುರಂತಗಳು ಸಾಲುಗಟ್ಟಿದವು. ಆ ಏಪ್ರಿಲಿನಲ್ಲಿ ಪತ್ನಿ ಮಾರಿಯಾ ಕ್ಷಯದಿಂದ ತೀರಿಕೊಂಡಳು. ಜುಲೈಯಲ್ಲಿ ಅಣ್ಣನೂ ಸತ್ತನು. ಕಾನೂನಿನ ಪ್ರಕಾರ ಅಣ್ಣನ ಸಾಲ ತೀರಿಸುವ ಹೊಣೆ ಅವನದಾಗಿರಲಿಲ್ಲ. ಆದರೂ ಅಣ್ಣನ ಹೆಸರಿಗೆ ಕಳಂಕ ಬರಬಾರದೆಂದು ಪತ್ರಿಕೆಯ ಸಾಲವನ್ನೂ, ಅತ್ತಿಗೆ ಮತ್ತು ಅವಳ ಮಕ್ಕಳ ಪೋಷಣೆಯನ್ನೂ ಅವನು ತಾನಾಗಿ ಹೊತ್ತುಕೊಂಡನು. ಇದರ ಜೊತೆಗೆ ವಿದೇಶ ಪ್ರವಾಸದಲ್ಲಿ ಅಂಟಿಕೊಂಡಿದ್ದ ರೂಲೆಟ್ ಜೂಜಿನ ಚಟ ಬೇರೆ.

ಸಾಲ ಕೊಟ್ಟವರು ಸೆರೆಗೆ ಹಾಕಿಸುವ ಬೆದರಿಕೆ ಒಡ್ಡಿದಾಗ, 1865ರಲ್ಲಿ ಸ್ತೆಲ್ಲೊವ್‌ಸ್ಕಿ ಎಂಬ ಪ್ರಕಾಶಕನಿಂದ ಮೂರು ಸಾವಿರ ರೂಬಲ್ ಪಡೆದು ಕರಾರಿಗೆ ಸಹಿ ಹಾಕಿದನು. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಒಪ್ಪಿಸದಿದ್ದರೆ, ಮುಂದಿನ ಒಂಬತ್ತು ವರ್ಷ ಅವನು ಬರೆಯುವುದೆಲ್ಲವನ್ನೂ ಸಂಭಾವನೆಯಿಲ್ಲದೆ ಪ್ರಕಟಿಸುವ ಹಕ್ಕು ಪ್ರಕಾಶಕನದು ಎಂಬುದು ಅದರ ಶರತ್ತು. 1866ರ ಉದ್ದಕ್ಕೂ 'ಅಪರಾಧ ಮತ್ತು ಶಿಕ್ಷೆ' ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿತ್ತು. ಅಕ್ಟೋಬರ್ ಬಂದರೂ ಕರಾರಿನ ಕಾದಂಬರಿಯ ಒಂದು ಸಾಲೂ ಬರೆದಾಗಿರಲಿಲ್ಲ.

ಗೆಳೆಯರು ಶೀಘ್ರಲಿಪಿ ಬಲ್ಲವರ ನೆರವು ಪಡೆಯಲು ಸೂಚಿಸಿದರು. ಅಕ್ಟೋಬರ್ 4ರಂದು ಇಪ್ಪತ್ತರ ತರುಣಿಯೊಬ್ಬಳು, ಅನ್ನಾ ಗ್ರಿಗೊರ್ಯೆವ್ನಾ ಸ್ನೀತ್ಕಿನಾ, ಪೆನ್ಸಿಲು ಹಿಡಿದು ಅವನ ಮನೆಗೆ ಬಂದಳು. ಒಂದು ಕಾಲಕ್ಕೆ ಮುಂಬಯಿಗೆ ಬಂದ ನಮ್ಮವರಲ್ಲಿ ಎಷ್ಟೋ ಮಂದಿಗೆ ಶಾರ್ಟ್‌ಹ್ಯಾಂಡ್ ಹೇಗೆ ಅನ್ನದ ದಾರಿಯಾಗಿತ್ತೋ, ತಂದೆಯನ್ನು ಆಗಷ್ಟೇ ಕಳೆದುಕೊಂಡಿದ್ದ ಅನ್ನಾಳಿಗೂ ಅದು ಸ್ವಂತ ದುಡಿಮೆಯ ದಾರಿಯಾಗಿತ್ತು. ಹಗಲು ಅವನು ಹೇಳಿದುದನ್ನು ಬರೆದುಕೊಂಡು, ರಾತ್ರಿ ಮನೆಯಲ್ಲಿ ಅದನ್ನು ಶುದ್ಧಪ್ರತಿ ಮಾಡಿ ತರುತ್ತಿದ್ದಳು. ಇಪ್ಪತ್ತಾರು ದಿನಗಳಲ್ಲಿ 'ಜೂಜುಗಾರ' ಮುಗಿಯಿತು. ಹಸ್ತಪ್ರತಿ ಒಪ್ಪಿಸಲು ಹೋದರೆ ಪ್ರಕಾಶಕ ಬೇಕೆಂದೇ ಊರು ಬಿಟ್ಟಿದ್ದನು. ಕೊನೆಗೆ ಅದನ್ನು ಪೊಲೀಸ್ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಲಾಯಿತು. 1867ರ ಫೆಬ್ರವರಿ 15ರಂದು ಅನ್ನಾ ಮತ್ತು ದಾಸ್ತೊಯೆವ್‌ಸ್ಕಿ ಮದುವೆಯಾದರು. ಅವನಿಗೆ 45, ಅವಳಿಗೆ 20.

ಪರದೇಶದಲ್ಲಿ ಹುಟ್ಟಿದ 'ಈಡಿಯಟ್'

ಸಾಲ ಕೊಟ್ಟವರ ಕಾಟ ಒಂದೆಡೆ, ನೆರವು ಬೇಡುವ ಬಂಧುಗಳು ಇನ್ನೊಂದೆಡೆ. ಸಂಸಾರ ಉಳಿಯಬೇಕಾದರೆ ದೇಶ ಬಿಡುವುದೊಂದೇ ದಾರಿಯೆಂದು ಕಂಡ ಅನ್ನಾ, ತವರಿನಿಂದ ತಂದ ಪೀಠೋಪಕರಣ, ಪಿಯಾನೊಗಳನ್ನು ಒತ್ತೆಯಿಟ್ಟು ಹಣ ಕೂಡಿಸಿದಳು. 1867ರ ಏಪ್ರಿಲಿನಲ್ಲಿ ಕೆಲವು ತಿಂಗಳ ಮಟ್ಟಿಗೆಂದು ಹೊರಟವರು ಮರಳಿದ್ದು ನಾಲ್ಕು ವರ್ಷಗಳ ಮೇಲೆ.

ಬಾಡೆನ್-ಬಾಡೆನ್ ನಗರದಲ್ಲಿ ಜೂಜಿನ ಚಟ ಅವನನ್ನು ಮತ್ತೆ ಎಳೆದುಕೊಂಡಿತು. ಅನ್ನಾಳ ಓಲೆ, ಪದಕ, ಮದುವೆಯ ಉಂಗುರ, ಕೊನೆಗೆ ಉಡುಪು ಕೂಡ ಗಿರವಿ ಅಂಗಡಿ ಸೇರಿದವು. ಸೋತು ಬಂದು ಅವಳ ಮುಂದೆ ಮಂಡಿಯೂರಿ ಅಳುವುದು, ಮರುದಿನ ಮತ್ತೆ ಹೋಗುವುದು. ಗರ್ಭಿಣಿಯಾಗಿದ್ದ ಅನ್ನಾ ಇದನ್ನೆಲ್ಲ ಶೀಘ್ರಲಿಪಿಯಲ್ಲಿ ದಿನಚರಿಯಾಗಿ ಬರೆದಿಟ್ಟಳು. ಜೂಜು ಅವನಿಗೆ ಮೂರ್ಛೆಯಂತೆಯೇ ಇನ್ನೊಂದು ರೋಗವೆಂದು ತಿಳಿದು ಸಹಿಸಿದಳು. ಓದುವ ನಮಗೆ ಅವಳ ಸಹನೆಯ ಬಗ್ಗೆ ಗೌರವ ಹುಟ್ಟುತ್ತದೆ. ಅವನ ಮೇಲೆ ಸಿಟ್ಟೂ ಬರುತ್ತದೆ. ಎರಡೂ ನ್ಯಾಯವೇ.

ಜಿನೀವಾಕ್ಕೆ ಹೋಗುವ ದಾರಿಯಲ್ಲಿ ಬಾಸೆಲ್ ನಗರದ ಸಂಗ್ರಹಾಲಯದಲ್ಲಿ ಹಾನ್ಸ್ ಹೋಲ್ಬೈನ್ ಚಿತ್ರಿಸಿದ, ಗೋರಿಯಲ್ಲಿ ಮಲಗಿರುವ ಯೇಸುವಿನ ಶವದ ಚಿತ್ರವನ್ನು ಅವನು ಕಂಡನು. ಹಸಿರುಗಟ್ಟಿದ ಕೈಕಾಲು, ತೆರೆದ ಕಣ್ಣು. ದೈವತ್ವದ ಸುಳಿವೇ ಇಲ್ಲದ ಹೆಣ. ಅದರ ಮುಂದೆ ಕಲ್ಲಾಗಿ ನಿಂತ ಗಂಡನಿಗೆ ಮೂರ್ಛೆ ಬಂದೀತೆಂದು ಹೆದರಿ ಅನ್ನಾ ಅವನನ್ನು ಆಚೆ ಕರೆದೊಯ್ದಳು. ಇದೇ ಚಿತ್ರದ ಪ್ರತಿ ಕಾದಂಬರಿಯಲ್ಲಿ ರೊಗೋಜಿನ್‌ನ ಕತ್ತಲು ಮನೆಯ ಗೋಡೆಯ ಮೇಲೆ ತೂಗಾಡುತ್ತದೆ. ಒಳ್ಳೆಯವನೊಬ್ಬ ಹೀಗೆ ಸತ್ತು ಕೊಳೆತುಹೋಗುವುದಾದರೆ ಒಳ್ಳೆಯತನಕ್ಕೆ ಏನು ಆಧಾರ ಎಂಬ ಪ್ರಶ್ನೆ ಆ ಕೃತಿಯ ನಡುವೆ ನಿಂತಿದೆ.

ಜಿನೀವಾದಲ್ಲಿ 'ರೂಸ್ಕಿ ವೇಸ್ತ್ನಿಕ್' ಎಂಬ ಮಾಸಪತ್ರಿಕೆಯ ಮುಂಗಡ ಹಣದಲ್ಲಿ ದಿನ ನೂಕುತ್ತ ಬರವಣಿಗೆ ಆರಂಭವಾಯಿತು. ಮೊದಲ ಯೋಜನೆಯಲ್ಲಿ ನಾಯಕ ಅಹಂಕಾರಿ, ಕ್ರೋಧಿ. ಅನೇಕ ಕರಡುಗಳ ಬಳಿಕ 1867ರ ಡಿಸೆಂಬರಿನಲ್ಲಿ ಅದೆಲ್ಲವನ್ನೂ ಬದಿಗೊತ್ತಿ ಹೊಸದಾಗಿ ತೊಡಗಿದನು. ಈಗ ನಾಯಕನು ಸೌಮ್ಯ, ರೋಗಿ, ಯಾರಲ್ಲೂ ಕೆಡುಕನ್ನು ಎಣಿಸದವನು. ಕೆಲವೇ ವಾರಗಳಲ್ಲಿ ಮೊದಲ ಅಧ್ಯಾಯಗಳನ್ನು ಬರೆದು ಜನವರಿಯ ಆರಂಭದಲ್ಲಿ ಅಂಚೆಗೆ ಹಾಕಿದನು. ಕಥೆ ಎಲ್ಲಿಗೆ ಮುಟ್ಟುವುದೆಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಕಾಫಿಗೃಹಕ್ಕೆ ಹೋಗಿ ರಷ್ಯಾದ ಪತ್ರಿಕೆಗಳನ್ನು ಓದುವುದು ಅವನ ನಿತ್ಯದ ಅಭ್ಯಾಸ. ಅವುಗಳಲ್ಲಿ ಬಂದ ಮಾಸ್ಕೋದ ಕೊಲೆ ಮೊಕದ್ದಮೆಯೊಂದು ರೊಗೋಜಿನ್‌ನ ಅಂತ್ಯಕ್ಕೆ ಎಳೆಯಾಯಿತು. ಅದರಲ್ಲಿ ವ್ಯಾಪಾರಿಯ ಮಗ ಮಜೂರಿನ್ ಎಂಬಾತ ಒಬ್ಬ ಆಭರಣ ವ್ಯಾಪಾರಿಯನ್ನು ಕೊಂದು ಹೆಣವನ್ನು ಮೇಣಬಟ್ಟೆಯಲ್ಲಿ ಮುಚ್ಚಿಟ್ಟಿದ್ದನು.

1868ರ ವಸಂತದ ಹೊತ್ತಿಗೆ ಹೆಣ್ಣುಮಗು ಸೋಫಿಯಾ ಹುಟ್ಟಿತು. ನಲವತ್ತಾರರಲ್ಲಿ ಮೊದಲ ಬಾರಿಗೆ ತಂದೆಯಾದವನು ತೊಟ್ಟಿಲ ಬಳಿಯಿಂದ ಕದಲುತ್ತಿರಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ, ಮೇ ತಿಂಗಳಿನಲ್ಲಿ, ಚಳಿಗಾಳಿ ತಗಲಿ ಶ್ವಾಸಕೋಶದ ಉರಿಯೂತದಿಂದ ಮಗು ತೀರಿಕೊಂಡಿತು. ತಂದೆತಾಯಿಯರ ರೋದನದಿಂದ ತಮಗೆ ತೊಂದರೆಯಾಗುತ್ತಿದೆಯೆಂದು ನೆರೆಯವರು ಹೇಳಿಕಳುಹಿಸಿದರಂತೆ. ಪರವೂರಿನಲ್ಲಿ ಮಗುವನ್ನು ಮಣ್ಣು ಮಾಡಿ, ಬಂಧುಬಳಗದ ಒಂದು ಸಾಂತ್ವನದ ಮಾತೂ ಇಲ್ಲದೆ ಇಬ್ಬರೂ ಒಂಟಿಯಾದರು. ಆದರೆ ಮಾಸಪತ್ರಿಕೆಯ ಗಡುವು ನಿಲ್ಲುವುದಿಲ್ಲ. ಮುಂಗಡ ಖರ್ಚಾಗಿತ್ತು, ಕಂತು ಹೋಗಲೇಬೇಕಿತ್ತು. ಜಿನೀವಾದಲ್ಲಿ ಇರಲಾರದೆ ವೆವೆಯ್, ಮಿಲಾನ್ ಊರುಗಳನ್ನು ದಾಟಿ ಫ್ಲಾರೆನ್ಸಿಗೆ ಬಂದರು. 1869ರ ಜನವರಿಯಲ್ಲಿ ಕಾದಂಬರಿ ಅಲ್ಲಿ ಮುಗಿಯಿತು. ಆ ಮನೆಯ ಗೋಡೆಯ ಮೇಲೆ ಇಂದು ಅದರ ಸ್ಮಾರಕ ಫಲಕವಿದೆ.

ಮಿಶ್ಕಿನ್ ಗೆದ್ದನೇ, ಸೋತನೇ?

ನವೆಂಬರಿನ ಮಂಜಿನಲ್ಲಿ ವಾರ್ಸಾದಿಂದ ಪೀಟರ್ಸ್‌ಬರ್ಗಿಗೆ ಬರುವ ರೈಲಿನ ಮೂರನೆಯ ದರ್ಜೆಯಲ್ಲಿ ಕಥೆ ಆರಂಭ. ಒಂದು ಸಣ್ಣ ಗಂಟು, ತೆಳು ಮೇಲಂಗಿ ಬಿಟ್ಟರೆ ಮಿಶ್ಕಿನ್‌ನ ಬಳಿ ಏನೂ ಇಲ್ಲ. ಎದುರಿಗೆ ಕುಳಿತ ರೊಗೋಜಿನ್ ವ್ಯಾಪಾರಿಯ ಮಗ, ನಸ್ತಾಸ್ಯಾ ಫಿಲಿಪ್ಪೊವ್ನಾ ಎಂಬ ಚೆಲುವೆಯ ಹುಚ್ಚು ಹಿಡಿದವನು. ಅನಾಥೆಯಾದ ನಸ್ತಾಸ್ಯಾಳನ್ನು ಸಾಕಿದ ಧನಿಕನೇ ಎಳೆಯ ವಯಸ್ಸಿನಲ್ಲಿ ಅವಳನ್ನು ಕೆಡಿಸಿದ್ದಾನೆ. ಈಗ ಹಣ ಕೊಟ್ಟು ಬೇರೊಬ್ಬನಿಗೆ ಕಟ್ಟಲು ನೋಡುತ್ತಿದ್ದಾನೆ. ಮರ್ಯಾದಸ್ಥರೆಲ್ಲ ಅವಳಿಗೆ ಬೆಲೆ ಕಟ್ಟುವಾಗ, ಅವಳು ನಿರಪರಾಧಿ ಎಂದು ಹೇಳುವವನು ಮಿಶ್ಕಿನ್ ಒಬ್ಬನೇ. ರೊಗೋಜಿನ್ ತಂದ ಒಂದು ಲಕ್ಷ ರೂಬಲ್‌ಗಳ ಕಟ್ಟನ್ನು ಅವಳು ಬೆಂಕಿಗೆ ಎಸೆದು, ಹಣಕ್ಕಾಗಿ ತನ್ನನ್ನು ಮದುವೆಯಾಗಲಿದ್ದವನಿಗೆ ಬರಿಗೈಯಲ್ಲಿ ತೆಗೆದುಕೊಳ್ಳಲು ಹೇಳುವ ಪ್ರಸಂಗ ವಿಶ್ವಸಾಹಿತ್ಯದಲ್ಲಿ ಹೆಸರಾದುದು.

ಆದರೆ ಮಿಶ್ಕಿನ್‌ನ ಕರುಣೆ ಯಾರನ್ನೂ ಉಳಿಸುವುದಿಲ್ಲ. ನಸ್ತಾಸ್ಯಾ ರೊಗೋಜಿನ್‌ನ ಚೂರಿಗೆ ಬಲಿಯಾಗುತ್ತಾಳೆ. ಮಿಶ್ಕಿನ್ ಆ ರಾತ್ರಿ ಕೊಲೆಗಾರನ ಪಕ್ಕದಲ್ಲಿಯೇ ಕುಳಿತು ಅವನ ತಲೆ ನೇವರಿಸುತ್ತಾನೆ. ಬೆಳಗಾಗುವಾಗ ಅವನ ಬುದ್ಧಿ ನಂದಿಹೋಗಿದೆ. ಮಗುವನ್ನು ಕಳೆದುಕೊಂಡ ತಂದೆ ಅದೇ ವರ್ಷದಲ್ಲಿ ಸುಖಾಂತವನ್ನು ಬರೆಯಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಹಾಗಿದ್ದರೂ ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಕೊಲೆಯಲ್ಲ, ತಲೆ ನೇವರಿಸುವ ಆ ಕೈ. ಸೈಬೀರಿಯದ ದಾರಿಯಲ್ಲಿ ಅಪರಿಚಿತ ಕೈದಿಗೆ ಪುಸ್ತಕ ಕೊಟ್ಟ ಹೆಂಗಸರ ಕೈ, ಎಲ್ಲವನ್ನೂ ಜೂಜಿನಲ್ಲಿ ಕಳೆದು ಬಂದವನನ್ನು ಎತ್ತಿ ನಿಲ್ಲಿಸಿದ ಅನ್ನಾಳ ಕೈ, ಅವುಗಳ ನೆನಪು ಅದರಲ್ಲಿ ಬೆರೆತಿರಬೇಕು. ಒಳ್ಳೆಯತನವನ್ನು ದಾಸ್ತೊಯೆವ್‌ಸ್ಕಿ ತನ್ನಲ್ಲಿ ಕಂಡುಕೊಂಡದ್ದಕ್ಕಿಂತ ಹೆಚ್ಚಾಗಿ ಇತರರಿಂದ ಪಡೆದಿದ್ದನು. ಅದು ತೀರಿಸಲಾಗದ ಸಾಲ.

ಮರಳಿದ ಮೇಲೆ

ಕಾದಂಬರಿಗೆ ಅಂದು ದೊರೆತ ಸ್ವಾಗತ ಸಾಧಾರಣವಾದುದು. ಪುಸ್ತಕರೂಪದಲ್ಲಿ ಅದು ಹೊರಬಂದುದು 1874ರಲ್ಲಿ, ಅದೂ ದಂಪತಿಗಳದೇ ಪ್ರಕಟಣೆಯಾಗಿ. 1871ರಲ್ಲಿ ಜೂಜನ್ನು ಶಾಶ್ವತವಾಗಿ ಬಿಟ್ಟು, ಅದೇ ಜುಲೈಯಲ್ಲಿ ಅವನು ಸಂಸಾರದೊಂದಿಗೆ ಸ್ವದೇಶಕ್ಕೆ ಮರಳಿದ್ದನು. ಅನ್ನಾ ಮನೆಯ ಲೆಕ್ಕಪತ್ರವನ್ನು ಕೈಗೆ ತೆಗೆದುಕೊಂಡು, ಸಾಲ ಕೊಟ್ಟವರೊಡನೆ ತಾನೇ ಮಾತಾಡಿ, 1873ರಿಂದ ಗಂಡನ ಪುಸ್ತಕಗಳನ್ನು ಮನೆಯಿಂದಲೇ ಪ್ರಕಟಿಸಿ ಮಾರತೊಡಗಿದಳು. ಅಣ್ಣನ ಕಾಲದ ಸಾಲ ಹೀಗೆ ನಿಧಾನವಾಗಿ ಕರಗಿತು.

ಅವನ ಕೊನೆಯ ದಶಕದಲ್ಲಿ ಕೀರ್ತಿಯಿತ್ತು, ದುಃಖವೂ ಇತ್ತು. 1878ರ ಮೇ ತಿಂಗಳಿನಲ್ಲಿ ಮೂರು ತುಂಬದ ಮಗ ಅಲ್ಯೋಶಾ ಮೂರ್ಛೆರೋಗದಿಂದ ಸತ್ತನು. ತನ್ನದೇ ರೋಗ ಮಗನನ್ನು ಕೊಂದಿತೆಂಬ ಕೊರಗು ತಂದೆಗೆ. ಮರುವರ್ಷ ಪ್ರಕಟವಾಗತೊಡಗಿದ 'ಕರಮಜೋವ್ ಸಹೋದರರು' ಕಾದಂಬರಿಯ ನಿರ್ಮಲ ಹೃದಯದ ತರುಣನಿಗೆ ಅವನು ಅದೇ ಹೆಸರನ್ನಿಟ್ಟನು. ಅವನ ಪತ್ರಿಕಾ ಬರಹಗಳಲ್ಲಿ ಯಹೂದಿಗಳು, ಪೋಲೆಂಡಿನವರು ಮೊದಲಾದವರ ಬಗ್ಗೆ ಕಾಣುವ ದ್ವೇಷವನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಕಾದಂಬರಿಗಳಲ್ಲಿ ಕೊಲೆಗಾರನಿಗೂ ಕರುಣೆ ತೋರಿದ ಲೇಖನಿ ಅಲ್ಲಿ ಸಂಕುಚಿತವಾಯಿತು.

1880ರ ಜೂನ್‌ನಲ್ಲಿ ಮಾಸ್ಕೋದ ಪುಷ್ಕಿನ್ ಸ್ಮಾರಕ ಸಮಾರಂಭದಲ್ಲಿ ಅವನು ಮಾಡಿದ ಭಾಷಣ ಸಭೆಯನ್ನು ರೋಮಾಂಚನಗೊಳಿಸಿತು. ಮುಂದಿನ ಚಳಿಗಾಲದಲ್ಲಿ, 1881ರ ಜನವರಿ 28ರಂದು, ಶ್ವಾಸಕೋಶದ ರಕ್ತಸ್ರಾವದಿಂದ 59ರ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅಂದು ಬೆಳಗ್ಗೆ ತೊಬೋಲ್‌ಸ್ಕಿನ ಆ ಪುಸ್ತಕವನ್ನೇ ತರಿಸಿ, ಹೆಂಡತಿಯಿಂದ ಓದಿಸಿಕೊಂಡು, ಮಗ ಫ್ಯೋದರ್‌ನಿಗೆ ಒಪ್ಪಿಸಿದನು. ಶವಯಾತ್ರೆಗೆ ಜನಸಾಗರ ಸೇರಿತು. ಅಲೆಕ್ಸಾಂಡರ್ ನೆವ್‌ಸ್ಕಿ ಮಠದ ತೀಖ್ವಿನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. 34ರಲ್ಲಿ ವಿಧವೆಯಾದ ಅನ್ನಾ ಮರುಮದುವೆಯಾಗದೆ, ಅವನ ಕೃತಿ, ಪತ್ರ, ಟಿಪ್ಪಣಿಗಳನ್ನು ಕಾಪಾಡುತ್ತ 1918ರಲ್ಲಿ ಯಾಲ್ಟಾದಲ್ಲಿ ನಿಧನಳಾದಳು. 1968ರಲ್ಲಿ ಅವಳ ಅಸ್ಥಿಗಳನ್ನು ತಂದು ಗಂಡನ ಪಕ್ಕದಲ್ಲಿ ಹೂಳಲಾಯಿತು.

ಮತ್ತೆ ಕಂತಿನ ರೂಪದಲ್ಲಿ

'ಈಡಿಯಟ್' ತೆರೆಗೆ ಬಂದುದು 2003ರಲ್ಲಿ ಮೊದಲೇನಲ್ಲ. 1951ರಲ್ಲಿ ಜಪಾನಿನ ಅಕಿರ ಕುರೊಸಾವ ಕಥೆಯನ್ನು ತನ್ನ ದೇಶದ ಹಿಮಾವೃತ ಹೊಕ್ಕೈದೊ ದ್ವೀಪಕ್ಕೆ ಕೊಂಡೊಯ್ದನು. 1958ರಲ್ಲಿ ಸೋವಿಯೆತ್ ನಿರ್ದೇಶಕ ಇವಾನ್ ಪಿರ್ಯೆವ್ ತೆಗೆದ ಚಿತ್ರವು ಮೊದಲ ಭಾಗಕ್ಕೇ ನಿಂತಿತು. ನಮ್ಮ ದೇಶದಲ್ಲಿ ಮಣಿ ಕೌಲ್ 1990ರ ದಶಕದ ಆರಂಭದಲ್ಲಿ ದೂರದರ್ಶನಕ್ಕಾಗಿ ಹಿಂದಿಯಲ್ಲಿ 'ಅಹಮಕ್' ಎಂಬ ಹೆಸರಿನಿಂದ ಇದನ್ನು ರೂಪಿಸಿದರು. ರೊಗೋಜಿನ್‌ನ ಪಾತ್ರಕ್ಕೆ ಸಮನಾದ ಪಾತ್ರವನ್ನು ಅಂದು ಹೆಸರು ಮಾಡುತ್ತಿದ್ದ ಶಾರುಖ್ ಖಾನ್ ವಹಿಸಿದ್ದರು.

ಬೋರ್ತ್ಕೊನ ಧಾರಾವಾಹಿಯಲ್ಲಿ ಮಿರೋನೊವ್‌ನ ಜೊತೆಗೆ ರೊಗೋಜಿನ್ ಆಗಿ ವ್ಲಾದಿಮಿರ್ ಮಶ್ಕೋವ್, ನಸ್ತಾಸ್ಯಾ ಆಗಿ ಲಿದಿಯಾ ವೆಲೆಜೆವಾ, ಯೆಪಾಂಚಿನ್ ದಂಪತಿಗಳಾಗಿ ಒಲೆಗ್ ಬಸಿಲಶ್ವಿಲಿ ಮತ್ತು ಇನ್ನಾ ಚುರಿಕೋವಾ ನಟಿಸಿದ್ದಾರೆ. ಮಿಶ್ಕಿನ್ ಆಗಿದ್ದ ಮಿರೋನೊವ್, 2011ರಲ್ಲಿ ವ್ಲಾದಿಮಿರ್ ಖೊತಿನೆಂಕೊ ನಿರ್ದೇಶಿಸಿದ ಧಾರಾವಾಹಿಯಲ್ಲಿ ಸ್ವತಃ ದಾಸ್ತೊಯೆವ್‌ಸ್ಕಿಯ 
ಪಾತ್ರವನ್ನೇ ವಹಿಸಿದನು. ಒಬ್ಬನೇ ನಟನಲ್ಲಿ ಲೇಖಕನೂ ಅವನು ಸೃಷ್ಟಿಸಿದ ಸಜ್ಜನನೂ ಸೇರಿದರು.

ವಾರಪತ್ರಿಕೆಯ ಧಾರಾವಾಹಿಯ ಮುಂದಿನ ಕಂತಿಗಾಗಿ ಕಾದು, ಮನೆಮಂದಿಯೆಲ್ಲ ಸರದಿಯ ಮೇಲೆ ಓದಿದ ಅನುಭವ ನಮ್ಮ ಹಿರಿಯರಿಗೆ ಹೊಸದಲ್ಲ. ರಷ್ಯಾದ ಓದುಗರೂ 1868ರಲ್ಲಿ ಮಿಶ್ಕಿನ್‌ನ ದಾರಿಯನ್ನು ತಿಂಗಳು ತಿಂಗಳು ಹೀಗೆಯೇ ಕಾಯುತ್ತಿದ್ದರು. ಬರೆಯುತ್ತಿದ್ದವನ ಮನೆಯಲ್ಲಿ ಆ ತಿಂಗಳು ತೊಟ್ಟಿಲು ಬರಿದಾಗಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನಮಗೆ ಅದು ತಿಳಿದಿದೆ. ಆ ತಿಳಿವಳಿಕೆಯೊಂದಿಗೆ ಧಾರಾವಾಹಿಯನ್ನು ನೋಡಿದರೂ ಸರಿ, ಪುಸ್ತಕವನ್ನು ಕೈಗೆತ್ತಿಕೊಂಡರೂ ಸರಿ, ಲೋಕವು ಮೂರ್ಖನೆಂದು ಕರೆದ ಆ ಮನುಷ್ಯ ನಮ್ಮ ಮನೆಯೊಳಗೂ ಬಂದು ಕುಳಿತುಕೊಳ್ಳುತ್ತಾನೆ.